ಗಿಡವೂ ಅಲ್ಲ, ಕುರಿಯೂ ಅಲ್ಲ

ಅಂಬರೀಷನಿಗೆ ಒಂದು ರೋಗವಿತ್ತು. ಗೋಡೆಯ ಮೇಲಿನ ಫೋಟೋ ಸೊಟ್ಟಗಿದ್ದರೆ ಕೆಲವರಿಗೆ ಕೈ ಕಡಿಯುತ್ತದಲ್ಲ, ಹಾಗೆ ಯಾರಾದರೂ ಒಂದು ಜೀವಿಯನ್ನು ತಪ್ಪು ವರ್ಗಕ್ಕೆ ಸೇರಿಸಿದರೆ ಇವನಿಗೆ ನಾಲಿಗೆ ಕಡಿಯುತ್ತಿತ್ತು. ಹುಮನಾಬಾದಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವುದು ಅವನ ಕೆಲಸ. ಕಾಲೇಜಿನ ಹೊರಗೂ ಅದೇ ಕೆಲಸ ಮಾಡುತ್ತಾನೆಂಬುದು ಊರಿನ ದೂರು. ಬಟಾಟೆ ಬೇರಲ್ಲ, ಕಾಂಡ ಎಂದು ಕಾಯಿಪಲ್ಯದವಳ ಜೊತೆ ವಾದಿಸಿ ಅವಳ ತಕ್ಕಡಿಯಿಂದ ಪೆಟ್ಟು ತಿನ್ನುವುದು ಸ್ವಲ್ಪದರಲ್ಲಿ ತಪ್ಪಿತ್ತು. ತಿಮಿಂಗಿಲವನ್ನು ಮೀನು ಎಂದ ಕ್ಷೌರಿಕನ ಮೇಲೆ ಹರಿಹಾಯ್ದು ಒಮ್ಮೆ ಅರ್ಧ ಮೀಸೆಯಲ್ಲೇ ಮನೆಗೆ ಬಂದಿದ್ದ.

ಹಾಗಾಗಿ ತಂಗಿ ಸೋನಾಲಿಯ ಸಕ್ಕರೆ ಹಂಚುವ ದಿನ ತಾಯಿ ಅವನನ್ನು ಬೆಳಿಗ್ಗೆಯೇ ಅಡುಗೆಮನೆಗೆ ಕರೆದು ಎಚ್ಚರಿಸಿದ್ದರು.

"ಅಂಬಣ್ಣ, ಇವತ್ತ ಬಾಯಿ ಉಣ್ಣಾಕ ಅಷ್ಟೇ ತೆರಿ. ಪಾಠ ನಾಳಿ ಮಾಡಿದ್ರ ನಡೀತದ."

"ನಾ ಏನ್ ಮಾತಾಡ್ತೀನವ್ವಾ?"

"ಅದೇ ನನಗ ಅಂಜಿಕಿ. ನೀ ಏನ್ ಮಾತಾಡ್ತಿ ಅಂತ ನಿನಗೂ ಮದಲ ಗೊತ್ತಿರಂಗಿಲ್ಲ."

ಬಸವಕಲ್ಯಾಣದಿಂದ ಶಿವರಾಜನ ಮನೆಯವರು ಬರುವವರಿದ್ದರು. ಶಿವರಾಜನದು ಪಂಪುಮೋಟರು ರಿಪೇರಿ ಅಂಗಡಿ. ಸೋನಾಲಿ ಅದುವರೆಗೆ ಬಂದ ವರಗಳನ್ನೆಲ್ಲ ಒಬ್ಬನ ಮೂಗು, ಒಬ್ಬನ ನಗು, ಒಬ್ಬನ ಚಪ್ಪಲಿ ಎಂದು ನೆಪ ತೆಗೆದು ಹಿಂದಕ್ಕೆ ಕಳಿಸಿದವಳು. ಶಿವರಾಜನಲ್ಲಿ ಮಾತ್ರ ಅವಳಿಗೆ ಯಾವ ನೆಪವೂ ಸಿಕ್ಕಿರಲಿಲ್ಲ. ಅವನ ಫೋನು ಬಂದರೆ ಸುಡುಬಿಸಿಲಲ್ಲೂ ಮಾಳಿಗೆ ಹತ್ತುತ್ತಿದ್ದಳು. ಇವತ್ತು ಊಟವಾದ ಮೇಲೆ ಎರಡೂ ಕಡೆಯ ಹಿರಿಯರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕಿದರೆ ಸಂಬಂಧ ಪಕ್ಕಾ. ಸಕ್ಕರೆ ಬಾಯಿಗೆ ಬೀಳುವತನಕ ಏನೂ ಪಕ್ಕಾ ಅಲ್ಲ ಎಂಬುದು ಈ ಸೀಮೆಯ ರಿವಾಜು.

ತೊಡಕು ಇದ್ದದ್ದು ಒಂದೇ. ಅದು ಶ್ರಾವಣ ಮಾಸ. ಶಿವರಾಜನ ಅಜ್ಜಿ ಯಶೋದಾಬಾಯಿ ಆ ಮನೆಯ ಹೈಕೋರ್ಟು. ವರ್ಷದ ಉಳಿದ ದಿನಗಳಲ್ಲಿ ಆ ಮನೆಯಲ್ಲಿ ಮಟನ್ ಕುದಿಯದ ಭಾನುವಾರವಿಲ್ಲ. ಆದರೆ ಶ್ರಾವಣ ಕಾಲಿಟ್ಟಿತೆಂದರೆ ಮಟನ್ ಬೇಯಿಸಿದ ಪಾತ್ರೆಯೂ ಅಟ್ಟ ಸೇರಬೇಕು. ಆ ತಿಂಗಳು ಮುದುಕಿ ತತ್ತಿ ಎಂಬ ಶಬ್ದವನ್ನು ಕೂಡ ಬಾಯಲ್ಲಿ ಆಡುವುದಿಲ್ಲ, "ದುಂಡಂದು" ಎನ್ನುತ್ತಾಳೆ. ಇಂಥ ಬೀಗರಿಗೆ ಏನು ಬಡಿಸಬೇಕೆಂದು ತಾಯಿ ತಲೆ ಕೆಡಿಸಿಕೊಂಡಿದ್ದಾಗ ಪಕ್ಕದ ಮನೆಯ ದಿಗಂಬರ ಒಂದು ಬುಟ್ಟಿ ಹೊತ್ತು ತಂದ. ಘಾಟಬೋರಾಳದ ತನ್ನ ಹೊಲದಲ್ಲಿ ಅವನು ಶೆಡ್ಡು ಹಾಕಿ ಅಣಬೆ ಬೆಳೆಯುತ್ತಿದ್ದ.

"ಮಾವಶಿ, ಮಟನ್ ಬಿಟ್ಟು ಬ್ಯಾಸತ್ತವರಿಗೆ ಶ್ರಾವಣದಾಗ ಇದಕ್ಕಿಂತ ದೊಡ್ಡ ಸೇವಾ ಇಲ್ಲ. ಮಸಾಲಿ ಹಾಕಿ ಮಾಡ್ರಿ. ಬೀಗರು ಬಟ್ಟಲ ನೆಕ್ಕದಿದ್ರ ನನ್ನ ಹೆಸರು ಬದಲಸ್ರಿ" ಎಂದ.

ಅವನ ಮಾತು ಸುಳ್ಳಾಗಲಿಲ್ಲ. ಪಂಕ್ತಿ ಕೂತಿತು. ಹೋಳಿಗೆ, ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಇವುಗಳ ನಡುವೆ ಎಣ್ಣೆ ತೇಲಿಸಿಕೊಂಡ ಅಣಬೆ ಪಲ್ಯ. ಯಶೋದಾಬಾಯಿ ಮೊದಲ ತುತ್ತನ್ನು ಅನುಮಾನದಿಂದ ಬಾಯಿಗಿಟ್ಟಳು, ಎರಡನೆಯದನ್ನು ಅವಸರದಿಂದ. ಆಮೇಲೆ ತಾನೇ ಬಟ್ಟಲು ಮುಂದೆ ಮಾಡಿದಳು. ಬಾಗಿಲ ಸಂದಿಯಿಂದ ನೋಡುತ್ತಿದ್ದ ಸೋನಾಲಿ ಅರ್ಧ ಮದುವೆಯೇ ಆಗಿಹೋದಂತೆ ಹಿಗ್ಗಿದಳು.

"ಭಾಳ ರುಚಿ ಅದ. ಇದು ಯಾ ಗಿಡದ ಕಾಯಿ?" ಎಂದು ಮುದುಕಿ ಕೇಳಿದಳು.

ಬಡಿಸುತ್ತಿದ್ದ ಅಂಬರೀಷನ ಕೈಯಲ್ಲಿ ಸೌಟು ನಿಂತಿತು. ತಾಯಿ ದೂರದಿಂದಲೇ ಕಣ್ಣು ಬಿಟ್ಟರು. ದಿಗಂಬರ ಜೋರಾಗಿ ಕೆಮ್ಮಿದ. ಯಾವುದೂ ನಾಟಲಿಲ್ಲ.

"ಇದು ಕಾಯಿ ಅಲ್ರಿ ಅಜ್ಜಿ."

"ಹಂಗಾರ ಗಡ್ಡಿ ಏನು?"

"ಗಡ್ಡಿನೂ ಅಲ್ಲ. ಖರೆ ಅಂದ್ರ ಇದು ಗಿಡಾನೇ ಅಲ್ರಿ. ಗಿಡ ಅಂದ್ರ ಬಿಸಿಲಿನಾಗ ನಿಂತು ತನ್ನ ಊಟ ತಾನ ಮಾಡ್ಕೋತದ. ಇದು ನಮ್ಮಂಗ, ಬ್ಯಾರೆಯವ್ರು ಮಾಡಿಟ್ಟದ್ದು ತಿಂತದ. ಮದಲ ಇದನ್ನ ಗಿಡದ ಸಾಲಿನಾಗ ಇಟ್ಟಿದ್ರು. ಈಗ ಅಲ್ಲಿಂದ ತಗದು ಇದಕ್ಕ ಬ್ಯಾರೆ ಸಾಮ್ರಾಜ್ಯನೇ ಕೊಟ್ಟಾರ, ಶಿಲೀಂಧ್ರ ಸಾಮ್ರಾಜ್ಯ ಅಂತ."

ಇಲ್ಲಿಗೆ ನಿಂತಿದ್ದರೆ ಏನೂ ಕೆಡುತ್ತಿರಲಿಲ್ಲ. ಮುದುಕಿಗೆ ಸಾಮ್ರಾಜ್ಯಗಳಲ್ಲಿ ಆಸಕ್ತಿ ಇರಲಿಲ್ಲ, ಅವಳ ಗಮನ ಬಟ್ಟಲಿನ ಕಡೆಗಿತ್ತು. ಆದರೆ ಪಕ್ಕದಲ್ಲಿ ಕೂತಿದ್ದ ಶಿವರಾಜನ ಸೋದರಮಾವ ವೈಜಿನಾಥನ ಕಿವಿ ನಿಮಿರಿತು. ಆಷಾಢದ ಕೊನೆಯ ಭಾನುವಾರದಿಂದ ಹಸಿದು ಕೂತ ಜೀವ ಅದು.

"ಗಿಡ ಅಲ್ಲ ಅಂದ್ರ ಪ್ರಾಣಿ ಏನ್ರಿ?"

"ಪ್ರಾಣಿನೂ ಅಲ್ಲ. ಆದ್ರ ಬಳಗ ಹಿಡದು ನೋಡಿದ್ರ ಗಿಡಕ್ಕಿಂತ ಪ್ರಾಣಿಗೇ ಹತ್ರ. ಇದರ ಮೈಗೋಡಿ ಅದಲ್ರಿ, ಅದು ಏಡಿ ಚಿಪ್ಪಿನಾಗ ಇರೋ ಪದಾರ್ಥದಿಂದ ಆಗ್ಯಾದ. ಮತ್ತ ಇದು ಆಪತ್ಕಾಲಕ್ಕ ಅಂತ ಒಂದು ನಮೂನಿ ಸಕ್ಕರಿ ಕೂಡಿಟ್ಟಿರತದ. ಅದು ಕುರಿ ಕಲೇಜಿಯೊಳಗ, ಅಂದ್ರ ಯಕೃತ್ತಿನಾಗ, ಇರೋದೇ."

ಪಂಕ್ತಿ ಪೂರ್ತಿ ಕಲ್ಲಾಯಿತು. ರೊಟ್ಟಿ ಹಿಡಿದ ಕೈಗಳು ಬಾಯಿ ಮತ್ತು ತಾಟಿನ ನಡುವೆ ನಿಂತವು. ವೈಜಿನಾಥ ಒಬ್ಬನೇ ಮೆಲ್ಲಗೆ ಬಟ್ಟಲು ಚಾಚಿ, "ನನಗ ಇನ್ನೊಂದು ಸೌಟು ಹಾಕ್ರಿ" ಎಂದ.

ಯಶೋದಾಬಾಯಿ ಎದ್ದಳು. ಅವಳ ಹಿಂದೆ ಎಲ್ಲರೂ ಎದ್ದರು. ಅಂಗಳದಲ್ಲಿ ಬಾಯಿ ಮುಕ್ಕಳಿಸುವ ಸದ್ದು ತಂಬಿಗೆ ಮೇಲೆ ತಂಬಿಗೆ ಕೇಳಿಬಂತು.

"ಶ್ರಾವಣದಾಗ ನನಗ ಏಡಿ ತಿನಿಸಿದ್ರಿ. ಕಲೇಜಿ ತಿನಿಸಿದ್ರಿ. ಮ್ಯಾಲ ನಿಂತು ವಿವರನೂ ಹೇಳಿದ್ರಿ" ಎಂದಳು ಮುದುಕಿ. ದನಿ ಏರಿಸಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ಮದುವಿ ಮಾಡಿದ ಮ್ಯಾಲ ಇನ್ನೇನೇನು ತಿನಸ್ತೀರೋ. ನಡೀರಿ ಎಲ್ಲಾರೂ."

ಬಂದ ಜೀಪು ಬಂದ ದಾರಿ ಹಿಡಿಯಿತು. ಶಿವರಾಜ ಹಿಂದಿನ ಸೀಟಿನಿಂದ ಹೊರಳಿ ನೋಡುತ್ತಲೇ ಹೋದ. ಹಿತ್ತಾಳೆ ತಾಟಿನಲ್ಲಿದ್ದ ಸಕ್ಕರೆಯನ್ನು ಇರುವೆಗಳು ತಮ್ಮೊಳಗೆ ಹಂಚಿಕೊಂಡವು.

ತಾಯಿ ತಲೆಯ ಮೇಲೆ ಕೈಹೊತ್ತು ಕೂತರು. ಸೋನಾಲಿ ಅಳಲಿಲ್ಲ. ಅಣ್ಣನ ಮುಂದೆ ಬಂದು ನಿಂತಳು.

"ಅಣ್ಣಾ, ಅಣಬಿ ಯಾ ಸಾಮ್ರಾಜ್ಯದಾಗರ ಇರಲಿ, ನನಗ ಕೆಲಸಿಲ್ಲ. ನಾ ಮಾತ್ರ ಬಸವಕಲ್ಯಾಣದಾಗ ಇರಬೇಕು. ಅದನ್ನ ಹ್ಯಾಂಗ ಮಾಡ್ತಿ, ಮಾಡು."

ತಂಗಿಯ ಮೇಲೆ ಅವನಿಗೆ ಜೀವ. ತಾನಾಡಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲವಲ್ಲ ಎಂದು ಯೋಚಿಸಿದ. ಅದೇ ಅವನ ಕಷ್ಟ. ತಪ್ಪಿದ್ದರೆ ತಪ್ಪಾಯಿತು ಎನ್ನಬಹುದಿತ್ತು.

ಅಷ್ಟರಲ್ಲಿ ಸುದ್ದಿಗೆ ಕಾಲು ಬಂದಿತ್ತು. ಸಮಾರಂಭದ ನೆನಪಿಗಿರಲೆಂದು ಯಾರೋ ನೆಂಟರು ಊಟದ ವಿಡಿಯೊ ಮಾಡಿಕೊಂಡಿದ್ದರು. ಅದು ವಾಟ್ಸಾಪಿನಲ್ಲಿ ಚಿಟಗುಪ್ಪ ಮುಟ್ಟಿ ವಾಪಸು ಬರುವಷ್ಟರಲ್ಲಿ "ಅಣಬೆಯಲ್ಲಿ ಕುರಿ ಕಲೇಜಿ: ಹುಮನಾಬಾದ ಪ್ರೊಫೆಸರ" ಎಂಬ ತಲೆಬರಹ ಹಚ್ಚಿಕೊಂಡಿತ್ತು. ಅವನ ಫೋನು ಹೆರಿಗೆ ಮನೆಯ ಕೂಸಿನಂತೆ ಬಿಡುವಿಲ್ಲದೆ ಅರಚತೊಡಗಿತು. ಅವನು ಅದನ್ನು ಬಂದ್ ಮಾಡಿ ಜೇಬಿಗೆ ಹಾಕಿದ.

"ಸರ್, ನನ್ನ ಮನಿ ಮುಣಗಿಸಿದ್ರಿ" ಎಂದು ದಿಗಂಬರ ಕಟ್ಟೆಯ ಮೇಲೆ ಕುಸಿದ. "ಶೆಡ್ಡಿನ ಮ್ಯಾಲ ಶುದ್ಧ ಶಾಕಾಹಾರಿ ಅಂತ ಬರೆಸೀನಿ, ಹಸಿರು ಬಣ್ಣದಾಗ. ಈಗ ಮಂದಿ ಫೋನ್ ಮಾಡಿ ಕುರಿ ಹ್ಯಾಂಗ ಕಿಲೋ ಅಂತ ಕೇಳಾಕತ್ತಾರ."

ಅವನ ಹಿಂದೆಯೇ ಬೇಕರಿಯ ಶಂಶುದ್ದೀನ್ ಬಂದ. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಮುಖ ಮಾತ್ರ ಹಿಟ್ಟಿಗಿಂತ ಬಿಳಿಯಾಗಿತ್ತು.

"ಸರ್, ಒಂದ ಮಾತು ಹೇಳ್ರಿ. ಪಾವ್ ಉಬ್ಬಾಕ ನಾವು ಈಸ್ಟ್ ಹಾಕ್ತೀವಿ. ಅದಕ್ಕೂ ಈ ಅಣಬಿಗೂ ಏನೂ ಸಂಬಂಧ ಇಲ್ಲ ಅಲ್ರಿ? ಯಾವನೋ ಬಂದು ಅದೂ ಇದೂ ಒಂದೇ ಬಳಗ ಅಂತ ಹೇಳಿ ಗಿರಾಕಿ ಓಡಿಸ್ಯಾನ. ಇಲ್ಲ ಅನ್ರಿ ಸಾಕು, ನಾ ಹೋಗ್ತೀನಿ."

ಇಲ್ಲ ಅನ್ನುವುದು ಎಷ್ಟು ಸಣ್ಣ ಶಬ್ದ. ಅಂಬರೀಷ ಬಾಯಿ ತೆರೆದ. ತಾಯಿ ಒಳಗಿನಿಂದ ಓಡಿಬಂದರು.

"ಸಂಬಂಧ ಇಲ್ಲದೇನು, ಅದೂ ಶಿಲೀಂಧ್ರನೇ ಶಂಶುದ್ದೀನ್ ಭಾಯಿ. ಕಣ್ಣಿಗೆ ಕಾಣಂಗಿಲ್ಲ ಅಷ್ಟೇ. ಒಂದ ಪಾವಿನ ಹಿಟ್ಟಿನಾಗ ಕೋಟಿಗಟ್ಟಲೆ ಇರತಾವ."

ಶಂಶುದ್ದೀನ್ ಕಣ್ಣು ಮುಚ್ಚಿ ದೇವರನ್ನು ನೆನೆದ. ಕಟ್ಟೆಯ ಆಚೆ ನಿಂತು ಕೇಳುತ್ತಿದ್ದ ಓಣಿಯ ಹೆಂಗಸರಲ್ಲಿ ಒಬ್ಬಳು, "ಶಿಂಧಿ ಉಬ್ಬೂದೂ ಅದರಿಂದನೇ ಏನ್ರಿ ಸರ್?" ಎಂದಳು. ಹೌದು, ಅದೂ ಈಸ್ಟಿನಿಂದಲೇ ಎಂದು ಅಂಬರೀಷ ಉತ್ಸಾಹದಿಂದ ಒಪ್ಪಿದ. ಅವಳು ಸೆರಗು ಸಿಕ್ಕಿಸಿಕೊಂಡು ಹೊರಟಳು. ಶ್ರಾವಣದಲ್ಲಿ ಶಿಂಧಿ, ಅಂದರೆ ಈಚಲ ಹೆಂಡ, ಕುಡಿದರೆ ಮಾಂಸ ತಿಂದಂತೆ ಎಂಬ ಹೊಸ ಕಾಯಿದೆ ಸ್ವಲ್ಪ ಹೊತ್ತಿನಲ್ಲೇ ಓಣಿಯಲ್ಲಿ ಜಾರಿಯಾಯಿತು. ಹೆಂಗಸರ ಪೈಕಿ ಅಂಬರೀಷನ ಕೀರ್ತಿ ಏರಿತು. ಗಂಡಸರು ಮಾತ್ರ ಅವನ ಮನೆ ಯಾವುದೆಂದು ವಿಚಾರಿಸತೊಡಗಿದರು.

"ಇವನ್ನ ಇಲ್ಲಿ ಬಿಟ್ರ ಸಂಜಿತನಕ ಉಪ್ಪಿನಕಾಯಿನೂ ಮಾಂಸ ಮಾಡ್ತಾನ" ಎಂದ ದಿಗಂಬರ. "ಭಾಯಿ, ನಿಮ್ಮ ಟಂಟಂ ತಗೀರಿ. ಆ ಮುದುಕಿ ಎಲ್ಲಿ ಸುರು ಮಾಡ್ಯಾಳೋ ಅಲ್ಲೇ ಮುಗಸೂಣು."

ಹೀಗೆ ಬೇಕರಿಯ ಮೂರುಗಾಲಿ ಟಂಟಂನಲ್ಲಿ ಮೂವರೂ ಬಸವಕಲ್ಯಾಣದ ದಾರಿ ಹಿಡಿದರು. ಮುಂದೆ ಇಬ್ಬರಿಗೇ ಜಾಗ. ಅಂಬರೀಷನನ್ನು ಹಿಂದೆ ಟೋಸ್ಟಿನ ತಾಟುಗಳ ನಡುವೆ ಕೂಡಿಸಿದರು. ಹೆದ್ದಾರಿಯ ಪ್ರತಿ ಉಬ್ಬಿಗೂ ಅವನ ತಲೆಯ ಮೇಲೆ ಒಂದಿಷ್ಟು ಮೈದಾ ಉದುರುತ್ತಿತ್ತು. ಮುಂದಿನವರು ಕಿಟಕಿಯಿಂದ ತಲೆ ಹೊರಹಾಕಿ ಅವನಿಗೆ ಪಾಠ ಹೇಳುತ್ತಿದ್ದರು.

"ಹೇಳ್ರಿ ಸರ್, ಅಣಬಿ ಗಿಡ" ಎಂದು ದಿಗಂಬರ ಕೂಗಿದ.

"ಅಣಬಿ..." ಎಂದ ಅಂಬರೀಷ. ಮುಂದೆ ಹೋಗದೆ ತಲೆಯ ಮೇಲಿನ ಮೈದಾ ಕೊಡವಿಕೊಂಡ. "ಪ್ರಾಣಿ ಅಲ್ಲ ಅಂತ ಹೇಳಲೇನು? ಅದು ಖರೆ ಅದ."

"ಅರ್ಧಾ ಖರೆ ಹೇಳಿದ್ರ ಅರ್ಧಾ ಬೇಯಿಸಿದ ಪಾವ್ ಇದ್ದಂಗ ಸರ್, ಯಾರೂ ತಗೋಳಂಗಿಲ್ಲ" ಎಂದ ಶಂಶುದ್ದೀನ್. "ನಿಮ್ಮ ಬಹಿನ್ ಮಾರಿ ನೆನಸ್ಕೊಂಡು ಹೇಳ್ರಿ."

ಬಂಗ್ಲಾ ಕ್ರಾಸು ದಾಟಿ ಕಲ್ಯಾಣದ ರಸ್ತೆಗೆ ಹೊರಳುವಾಗ ಅಂಬರೀಷನಿಗೆ ಬೆಳಕು ಕಂಡಿತು. ಅವನ ಅಪ್ಪ ಶಾಲೆ ಕಲಿಯುವಾಗ ಅಣಬೆ ಸಸ್ಯವೇ ಆಗಿತ್ತು. ಪುಸ್ತಕದಲ್ಲಿ ಹಾಗೇ ಬರೆದಿದ್ದರು, ಮಾಸ್ತರರು ಹಾಗೇ ಕಲಿಸಿದ್ದರು, ಹಾಗೆಂದವರಿಗೆ ಪೂರ್ತಿ ಮಾರ್ಕೂ ಸಿಕ್ಕಿತ್ತು. ಸುಳ್ಳು ಹೇಳಬೇಕಾಗಿಲ್ಲ, ಹಳೆಯದನ್ನು ಹೇಳಿದರೆ ಸಾಕು.

ಯಶೋದಾಬಾಯಿಯ ಮನೆಯಲ್ಲಿ ಎಲ್ಲರೂ ತಲೆಗೆ ಸ್ನಾನ ಮಾಡಿ ಶುದ್ಧವಾಗಿ ಕೂತಿದ್ದರು. ಹಗ್ಗದ ತುಂಬ ಒದ್ದೆ ಬಟ್ಟೆ. ವೈಜಿನಾಥ ಮಾತ್ರ ಉಟ್ಟ ಬಟ್ಟೆಯಲ್ಲೇ ಕಂಬಕ್ಕೊರಗಿ ತೃಪ್ತಿಯಿಂದ ಹಲ್ಲು ಚುಚ್ಚಿಕೊಳ್ಳುತ್ತಿದ್ದ. ಶಿವರಾಜ ಮೂಲೆಯಲ್ಲಿ ಸುಟ್ಟ ಮೋಟರಿನ ಹಾಗೆ ಸುಮ್ಮನಿದ್ದ. ತಲೆಯಿಂದ ಕಾಲತನಕ ಬೆಳ್ಳಗಾದ ಅಂಬರೀಷ ಬಾಗಿಲಲ್ಲಿ ಕಂಡಾಗ ಮುದುಕಿ, "ಬೂದಿ ಹಚ್ಚಿಕೊಂಡು ಬಂದ್ರ ಮಾಡಿದ್ದು ಹೋಗತದೇನು?" ಎಂದಳು.

"ಬೂದಿ ಅಲ್ರಿ, ಮೈದಾ" ಎಂದು ಅಭ್ಯಾಸಬಲದಿಂದ ತಿದ್ದಿದ. ದಿಗಂಬರ ಹಿಂದಿನಿಂದ ತಿವಿದ.

ಅಂಬರೀಷ ಮುದುಕಿಯ ಕಾಲು ಮುಟ್ಟಿ ಅಲ್ಲೇ ನೆಲದ ಮೇಲೆ ಕೂತ. "ಅಜ್ಜಿ, ನೀವು ತಿಂದದ್ದು ಗಿಡಾನೇ. ನಮ್ಮ ಅಪ್ಪ ಕಲಿಯೋ ಕಾಲಕ್ಕ ಎಲ್ಲಾ ಶಾಸ್ತ್ರದಾಗೂ ಅಣಬಿ ಗಿಡನೇ ಆಗಿತ್ತು. ಈಗೀಗ ಬಂದ ಮಂದಿ ಅದನ್ನ ತಗದು ಆಕಡಿ ಇಟ್ಟಾರ."

"ನಿಮ್ಮಪ್ಪನ ಕಾಲಕ್ಕ ಗಿಡ ಇತ್ತು, ಈಗ ಗಿಡ ಅಲ್ಲ. ನಡುವ ಅದಕ್ಕ ಏನಾತು?"

"ಅದಕ್ಕೇನೂ ಆಗಿಲ್ರಿ. ಅದು ಮದಲ ಹ್ಯಾಂಗಿತ್ತೋ ಹಂಗೇ ತಿಪ್ಪಿ ಮ್ಯಾಲ ಅದ. ಆಗಿದ್ದು ನಮಗ."

ಮುದುಕಿಗೆ ಈ ಮಾತು ಹಿಡಿಸಿತು. ಮುಖದ ಗಂಟು ಸ್ವಲ್ಪ ಸಡಿಲಾಯಿತು. ಅದನ್ನು ಕಂಡು ಅಂಬರೀಷನಿಗೆ ಧೈರ್ಯ ಬಂತು. ಧೈರ್ಯ ಬಂದಾಗಲೆಲ್ಲ ಅವನು ಒಂದು ಹೆಜ್ಜೆ ಹೆಚ್ಚಿಗೆ ಇಡುತ್ತಿದ್ದ.

"ಇನ್ನೊಂದು ಹೇಳ್ತೀನಿ ಕೇಳ್ರಿ. ಜೀವಿಗಳಿಗೆ ಹೆಸರಿಡೋ ಶಾಸ್ತ್ರದಾಗ ಒಂದು ದೊಡ್ಡ ಕಾನೂನು ಅದ. ಒಂದ ಅಣಬಿಗೆ ಇಬ್ಬರು ಎರಡು ಹೆಸರು ಇಟ್ರು ಅಂತ ತಿಳೀರಿ. ಆಗ ಯಾರು ದೊಡ್ಡವರು, ಯಾರು ಶಾಣ್ಯಾ ಅಂತ ನೋಡಂಗಿಲ್ಲ. ಮದಲ ಯಾರು ಇಟ್ಟಾರೋ ಅವರದೇ ಖರೆ. ಹಿಂದಿಂದ ಬಂದದ್ದು ರದ್ದು."

ಆ ಕಾನೂನು ಹೆಸರಿಗೆ ಸಂಬಂಧಿಸಿದ್ದು, ಸಾಮ್ರಾಜ್ಯಕ್ಕಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಾಲಿಗೆ ಭಯಂಕರ ಕಡಿಯಿತು. ಜೀವನದಲ್ಲಿ ಮೊದಲ ಸಲ ಅವನು ಅದನ್ನು ಹಲ್ಲಿನಡಿ ಹಿಡಿದು ಕೂತ.

"ಇದು ನಮ್ಮ ಮನಿ ಕಾನೂನಿದ್ದಂಗೇ ಅದ" ಎಂದು ಯಶೋದಾಬಾಯಿ ತೊಡೆ ತಟ್ಟಿದಳು. "ಹಿರೇರು ಮದಲ ಅಂದದ್ದೇ ಅಂದದ್ದು. ಮುಗೀತು. ಅಣಬಿ ಗಿಡ. ನಾ ಗಿಡಾನೇ ತಿಂದೀನಿ."

ಬಾಗಿಲಲ್ಲಿ ನಿಂತ ದಿಗಂಬರನೂ ಶಂಶುದ್ದೀನನೂ ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಶಿವರಾಜನ ಮೈಯಲ್ಲಿ ಕರೆಂಟು ಹರಿಯಿತು, ಎದ್ದೇ ನಿಂತ. ಕಂಬಕ್ಕೊರಗಿದ್ದ ವೈಜಿನಾಥನ ಮುಖ ಮಾತ್ರ ಬಾಡಿತು.

"ಅಂದ್ರ ನಾ ನಾಲ್ಕು ಬಟ್ಟಲ ತಿಂದದ್ದು ಕಾಯಿಪಲ್ಯಾ ಏನ್ರಿ? ಇದನ್ನ ಹೇಳಾಕ ಹುಮನಾಬಾದಿಂದ ಬರಬೇಕಿತ್ತೇನ್ರಿ ನೀವು?" ಎಂದು ಕಡ್ಡಿ ಬಿಸಾಕಿದ.

ಮುದುಕಿ ಸಕ್ಕರೆ ತರಲು ಒಳಗೆ ಕೂಗಿ ಹೇಳಿದಳು. ಸಕ್ಕರೆ ಬರುವತನಕ ಮಾತಿಗೆ ಕೂತಳು. ಅಂಬರೀಷನ ಮೇಲೆ ಅವಳಿಗೆ ಈಗ ಮೊಮ್ಮಗನಷ್ಟು ಅಕ್ಕರೆ ಬಂದಿತ್ತು.

"ಓದಿದವರು ಅಂದ್ರ ನಿಮ್ಮಂಗ ಇರಬೇಕು ನೋಡ್ರಿ, ಮನಿತನಕ ಬಂದು ತಿಳಿಸಿ ಹೇಳೋರು. ನಮ್ಮ ಪೂನಂ ಅದಾಳ, ಶಿವರಾಜನ ತಂಗಿ. ಇಲ್ಲೇ ಕಾಲೇಜಿಗೆ ಹೋಗ್ತಾಳ, ಬಿ.ಎಸ್ಸಿ. ಪರೀಕ್ಷಾ ಅದ ಅಂತ ಇವತ್ತ ನಿಮ್ಮಲ್ಲಿ ಬರಲಿಲ್ಲ. ಹೋದ ವರ್ಷ ಪ್ರಾಕ್ಟಿಕಲ್ ಪರೀಕ್ಷಾಕ್ಕ ಯಾವನೋ ಪರಊರವ ಬಂದಿದ್ದ. ಒಂದ ಮಾತು ತಪ್ಪಿದ್ದಕ್ಕ ಎಲ್ಲಾರ ಮುಂದ ನಗಿಗೇಡು ಮಾಡಿ ನಪಾಸ ಮಾಡಿದ. ಕೂಸು ಅಳಕೋತ ಬಂತು. ಏನು ಕೇಳಿದ, ಏನು ಅಂದ, ಇವತ್ತಿಗೂ ಬಾಯಿ ಬಿಟ್ಟಿಲ್ಲ. ನಾ ದಿನಾ ಸಂಜಿ ದೀಪಾ ಹಚ್ಚಿ ಅವಂಗೊಂದು ಶಾಪಾ ಹಾಕ್ತೀನಿ."

ಸಂಬಂಧ ಇನ್ನಷ್ಟು ಗಟ್ಟಿಯಾಗಲಿ ಎಂದು ಅಂಬರೀಷ ಮನಸಾರೆ ಸೇರಿಕೊಂಡ. "ಹಾಕ್ರಿ ಅಜ್ಜಿ. ಅಂಥವ್ರು ಮಾಸ್ತರರೇ ಅಲ್ಲ. ಕಲಿಸಾಕ ಬರಲಾರದವ್ರು ಹೆದರಸ್ತಾರ. ಹೆಣ್ಣಹುಡುಗಿ ಅಳತಾಳ ಅಂದ್ರ ಕಣ್ಣಿಗೆ ಕಾಣಬಾರದೇನು ಆ ಮನುಷ್ಯಾಗ?"

"ಖರೆ ಅಂದ್ರಿ. ಗುರುವಾರ ಮತ್ತ ಪರೀಕ್ಷಾ ಅದ. ಈ ಸಲನೂ ಅವನೇ ಬರ್ತಾನಂತ. ನಾನೂ ಹೋಗಿ ಅವನ್ನ ಒಂದು ಮಾತು ಕೇಳಬೇಕಂತ ಮಾಡೀನಿ. ಆದ್ರ ಓದಿದವರ ಎದುರಿಗೆ ನಿಂತ್ರ ನನಗ ಬಾಯಿ ಹೊರಡಂಗಿಲ್ಲ."

"ನಾ ಬರ್ತೀನ್ರಿ" ಎಂದ ಅಂಬರೀಷ ಎದೆ ಸೆಟೆಸಿ. ಎದೆಯಿಂದ ಒಂದಿಷ್ಟು ಮೈದಾ ಉದುರಿತು. "ಗುರುವಾರ ನಿಮ್ಮ ಮಗ್ಗಲ ನಾ ನಿಂದರ್ತೀನಿ. ಅವನ ಕೊರಳಪಟ್ಟಿ ನಾ ಹಿಡೀತೀನಿ, ಮಾತು ನೀವು ಕೇಳ್ರಿ."

ಯಶೋದಾಬಾಯಿಯ ಕಣ್ಣಲ್ಲಿ ನೀರಾಡಿತು. ಇಂಥ ಬೀಗ ಸಿಗಲು ಪುಣ್ಯ ಮಾಡಿರಬೇಕು ಎಂದಳು. ಒಳಗಿನಿಂದ ಒಬ್ಬ ಹುಡುಗಿ ಬಟ್ಟಲಲ್ಲಿ ಸಕ್ಕರೆ ತಂದಿಟ್ಟು, ಅಂಬರೀಷನ ಕಡೆ ಒಮ್ಮೆ ದಿಟ್ಟಿಸಿ ನೋಡಿ ಗೋಡೆಗೆ ನಿಂತಳು. ಮುದುಕಿ ಅವನ ಬಾಯಿಗೆ ಮುಷ್ಟಿ ತುಂಬ ಸಕ್ಕರೆ ಹಾಕಿದಳು, ಅವನು ಮುದುಕಿಯ ಬಾಯಿಗೆ ಹಾಕಿದ. ಸಂಬಂಧ ಪಕ್ಕಾ ಆಯಿತು. ಶಿವರಾಜ ಫೋನು ಹಿಡಿದು ಮಾಳಿಗೆಗೆ ಓಡಿದ. ಹುಮನಾಬಾದಿನ ಮಾಳಿಗೆಯ ಮೇಲೂ ಆ ಹೊತ್ತಿಗೆ ಒಬ್ಬಳು ನಿಂತಿರಬೇಕೆಂದು ನೆನೆದು ಅಂಬರೀಷನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಒಂದು ಸಾಮ್ರಾಜ್ಯ ಹೋದರೆ ಹೋಗಲಿ, ತಂಗಿ ನಗುತ್ತಾಳಲ್ಲ.

ಹೊರಗೆ ಶಂಶುದ್ದೀನ್ ಟಂಟಂ ಚಾಲೂ ಮಾಡಿದ. ಅಂಬರೀಷ ಟೋಸ್ಟಿನ ತಾಟುಗಳ ನಡುವೆ ಕಾಲಿಡುವಷ್ಟರಲ್ಲಿ ಸಕ್ಕರೆ ತಂದಿದ್ದ ಹುಡುಗಿ ಒಂದು ಡಬ್ಬಿ ಹಿಡಿದು ಬಂದಳು.

"ಇದು ಸೋನಾಲಿ ವಹಿನಿಗೆ ಕೊಡ್ರಿ ಸರ್, ಸಕ್ಕರಿ ಅದ." ಆಮೇಲೆ ದನಿ ತಗ್ಗಿಸಿ ಕೇಳಿದಳು. "ನನ್ನ ಗುರುತು ಹತ್ತಲಿಲ್ಲೇನ್ರಿ?"

ಅಂಬರೀಷ ನೋಡಿದ. ಹತ್ತಲಿಲ್ಲ. ವಿದ್ಯಾರ್ಥಿಗಳ ಮುಖ ನೆನಪಿಡುವವನಲ್ಲ ಅವನು. ತಪ್ಪು ಉತ್ತರಗಳನ್ನು ಮಾತ್ರ ಮರೆಯುತ್ತಿರಲಿಲ್ಲ.

"ನಾ ಪೂನಂ. ಹೋದ ವರ್ಷ ಪ್ರಾಕ್ಟಿಕಲ್‌ನಾಗ ನೀವು ತಾಟಿನ ಮ್ಯಾಲ ಅಣಬಿ ಇಟ್ಟು ಇದು ಯಾವ ಸಾಮ್ರಾಜ್ಯ ಅಂತ ಕೇಳಿದ್ರಿ. ನಾ ಸಸ್ಯ ಅಂದೆ. ಅಣಬೆ ಸಸ್ಯ ಆದರೆ ನೀನು ಬೇವಿನ ಗಿಡ, ಹೋಗಿ ಬಿಸಿಲಲ್ಲಿ ನಿಂತು ಊಟ ಮಾಡಿಕೋ ಅಂದ್ರಿ. ಇಡೀ ಲ್ಯಾಬು ನಕ್ಕಿತ್ತು."

ಅಂಬರೀಷನ ಬಾಯಿಯ ಸಕ್ಕರೆ ಮರಳಾಯಿತು. ಹಿಂದೆ ಸರಿದ, ಬೆನ್ನಿಗೆ ಟೋಸ್ಟಿನ ತಾಟು ತಾಗಿತು. ಪರೀಕ್ಷೆಗೆಂದು ಹೋಗಿಬಂದ ಕಾಲೇಜುಗಳಲ್ಲಿ ಅದು ಯಾವುದೆಂದು ಮರೆತಿದ್ದರೂ ಆ ಮಾತು ಅವನಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಆಮೇಲೆ ಸ್ಟಾಫ್ ರೂಮಿನಲ್ಲೂ ಹೇಳಿ ನಕ್ಕಿದ್ದ.

"ಈ ಸಲ ಬ್ಯಾರೆ ಯಾರೋ ಬರ್ತಾರಂತ ತಿಳಕೊಂಡಿದ್ದೆ" ಎಂದು ತೊದಲಿದ.

"ಇಲ್ರಿ, ನೀವೇ. ಕಾಲೇಜಿನವರು ಮಧ್ಯಾಹ್ನದಿಂದ ನಿಮಗ ಫೋನ್ ಹಚ್ಚಾಕತ್ತಾರಂತ. ನಿಮ್ಮದು ಬಂದ್ ಅದ ಅಂದ್ರು."

"ಅಜ್ಜಿಗೆ ಹೇಳೀಯೇನವಾ?"

"ಇನ್ನೂ ಇಲ್ರಿ."

"ಈ ಸಲ ನಾ ಅಣಬಿ ಕೇಳಂಗಿಲ್ಲ. ಬ್ಯಾರೆ ಏನರ ಕೇಳ್ತೀನಿ."

"ಅಯ್ಯ, ಅದನ್ನೇ ಕೇಳ್ರಿ ಸರ್. ನಾ ವರ್ಷ ಪೂರ್ತಿ ಅದನ್ನೇ ಓದೀನಿ. ಏಡಿ ಚಿಪ್ಪು, ಕಲೇಜಿಯೊಳಗಿನ ಸಕ್ಕರಿ, ಗಿಡಕ್ಕಿಂತ ಪ್ರಾಣಿಗೆ ಹತ್ರ, ಎಲ್ಲಾ ಬಾಯಿಪಾಠ ಆಗ್ಯಾದ. ಅಜ್ಜಿ ಲ್ಯಾಬಿನ ಬಾಗಲದಾಗ ನಿಂತು ಕೇಳಬೇಕಂತ ಭಾಳ ಆಸಿ ಇಟ್ಟಾಳ."

ಅಂಬರೀಷ ಸುತ್ತಮುತ್ತ ನೋಡಿದ. ಆಮೇಲೆ ಅವನ ಬಾಯಿಂದ ಹುಟ್ಟಿದಾಗಿನಿಂದ ಬಾರದ ಮಾತೊಂದು ಬಂತು. "ಪೂನಂ, ನೀ ಸಸ್ಯ ಅಂತನೇ ಹೇಳಿಬಿಡವಾ. ನಾ ಪೂರ್ತಿ ಮಾರ್ಕ್ ಕೊಡ್ತೀನಿ."

"ತಪ್ಪು ಉತ್ತರಕ್ಕ ಪಾಸಾಗೂದು ನನಗ ಬ್ಯಾಡ್ರಿ ಸರ್" ಎಂದಳು ಪೂನಂ. ವಿನಯದಿಂದ ಕೈಮುಗಿದು ಹಿಂದೆ ಸರಿದಳು.

ಟಂಟಂ ಹೊರಟಿತು. ಅಂಗಳದಿಂದ ಯಶೋದಾಬಾಯಿ ಸೆರಗು ಬೀಸುತ್ತ ಓಣಿಯ ತನಕ ಓಡಿಬಂದಳು.

"ಅಂಬರೀಷಪ್ಪಾ, ಗುರುವಾರ ಮರೀಬ್ಯಾಡ್ರಿ. ನೀವು ಮಗ್ಗಲ ಇಲ್ಲಂದ್ರ ಆ ಮನುಷ್ಯಾನ ಮುಂದ ನನಗ ಮಾತೇ ಬರಂಗಿಲ್ಲ."